ಊರಿನ ಕಾಲಂ ಖಾಲಿ ಇದ್ದ 37 ಜನ

ನಮ್ಮ ಸಂಘದ ಕಚೇರಿ ಎಂದರೆ ಮುಂಬೈ ಉಪನಗರದ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿರುವ ಒಂದೂವರೆ ಕೋಣೆ. ಒಂದು ಕೋಣೆಯಲ್ಲಿ ಪುಸ್ತಕಗಳು. ಉಳಿದ ಅರ್ಧದಲ್ಲಿ ಹಾರ್ಮೋನಿಯಂ, ಮಡಚಿಟ್ಟ ಕುರ್ಚಿಗಳು, ನಾಟಕದ ಪರದೆ ಮತ್ತು ಒಂದು ಕಬ್ಬಿಣದ ಕಪಾಟು. ನಿಮ್ಮ ಸಂಘದಲ್ಲೂ ಇಂಥದ್ದೊಂದು ಕಪಾಟು ಇರಬಹುದು. ಪುಣೆಯಾಗಲಿ, ಚೆನ್ನೈಯಾಗಲಿ, ಕನ್ನಡ ಸಂಘಗಳ ಕಪಾಟುಗಳೆಲ್ಲ ಅಣ್ಣತಮ್ಮಂದಿರ ಹಾಗೆಯೇ ಇರುತ್ತವೆ.

ಆ ಕಪಾಟಿನಲ್ಲಿ ಸದಸ್ಯರ ಮೂರು ರಿಜಿಸ್ಟರುಗಳಿದ್ದವು. ಮೊದಲನೆಯದು 1973ರದ್ದು. ನೀಲಿ ಮಸಿ, ಮುತ್ತಿನಂಥ ಅಕ್ಷರ, ಪುಟದ ಅಂಚು ಮಾತ್ರ ಗೆದ್ದಲು ಹಿಡಿದು ಹೋಗಿತ್ತು. ಎರಡನೆಯದರಲ್ಲಿ ಹೆಸರುಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಮೂರನೆಯದರಲ್ಲಿ ನಡುವೆ ಒಂದಿಷ್ಟು ಪುಟ ಯಾರೋ ನಾಟಕದ ಖರ್ಚು ಬರೆದಿಟ್ಟಿದ್ದರು. ಇವಲ್ಲದೆ 2004ರಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಪಟ್ಟಿಯ ಒಂದು ಸಿ.ಡಿ., ಬೇರೆ ಬೇರೆ ಕಾರ್ಯದರ್ಶಿಗಳು ಮಾಡಿದ ಎಕ್ಸೆಲ್ ಫೈಲುಗಳು ಬೇರೆ. ಗ್ರಂಥಾಲಯದ ಲೆಡ್ಜರ್ ಇನ್ನೊಂದು ಕಡೆ, ವಿದ್ಯಾರ್ಥಿವೇತನದ ಪುಸ್ತಕ ಮತ್ತೊಂದು ಕಡೆ. ಎಲ್ಲದರಲ್ಲೂ ಅದದೇ ಜನ, ಆದರೆ ಬೇರೆ ಬೇರೆ ವಿಳಾಸ.

ಸುವರ್ಣ ಮಹೋತ್ಸವ ಹತ್ತಿರ ಬಂದಾಗ ಸ್ಮರಣ ಸಂಚಿಕೆಗೆ ಸದಸ್ಯರ ಪಟ್ಟಿ ಬೇಕಾಯಿತು. ಎಷ್ಟು ಜನ ಇದ್ದೇವೆ ಎಂದು ಕೇಳಿದರೆ ಎಕ್ಸೆಲ್ 463 ಎನ್ನುತ್ತಿತ್ತು, ರಿಜಿಸ್ಟರುಗಳನ್ನು ಕೂಡಿಸಿದರೆ 438. ಅಧ್ಯಕ್ಷರು “ಸುಮಾರು ನಾನ್ನೂರು” ಎಂದರು. ಸಮಿತಿಯವರು ನನ್ನ ಮುಖ ನೋಡಿದರು. “ನೀವು ಬ್ಯಾಂಕಿನಲ್ಲಿ ಇದ್ದವರಲ್ಲವಾ, ನೀವೇ ಸರಿ ಮಾಡಿ ಕೊಡಿ.” ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಬೇಡ ಎನ್ನಲು ನೆಪ ಇರಲಿಲ್ಲ.

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳಿಗೆ ಫೋನ್ ಮಾಡಿ ಎಕ್ಸೆಲ್‌ನಲ್ಲಿ ಎರಡು ಸಲ ಬಂದ ಹೆಸರು ತೆಗೆಯುವುದು ಹೇಗೆ ಎಂದು ಕೇಳಿದೆ. ಅವಳು ಫೈಲ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅಮ್ಮ, ನಿನಗೆ ಬೇಕಾಗಿರೋದು ಎಕ್ಸೆಲ್ ಅಲ್ಲ. ಡೇಟಾಬೇಸ್.”

“ನನಗೇನು ಗೊತ್ತು ಅದೆಲ್ಲ?”

“ಮೂವತ್ತು ವರ್ಷ ಅದನ್ನೇ ತುಂಬಿಸಿದ್ದೀಯಲ್ಲ! ಹಿಂದುಗಡೆ ಏನಿದೆ ಅಂತ ಒಂದು ದಿನವೂ ಇಣುಕಿ ನೋಡಲಿಲ್ಲ, ಅಷ್ಟೇ.”

ಮಾತು ಚುಚ್ಚಿತು, ಆದರೆ ಸುಳ್ಳಲ್ಲ. ನಾನು ಕೆಲಸಕ್ಕೆ ಸೇರಿದಾಗ ದಪ್ಪ ಲೆಡ್ಜರುಗಳಿದ್ದವು. ಆಮೇಲೆ ಎ.ಎಲ್.ಪಿ.ಎಂ. ಎಂಬ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು, ಅವು ಹೋಗಿ ಎಲ್ಲ ಶಾಖೆಗಳನ್ನೂ ಒಂದಕ್ಕೊಂದು ಜೋಡಿಸಿದ ಕೋರ್ ಬ್ಯಾಂಕಿಂಗ್ ಬಂತು. ಖಾತೆ ನಂಬರ್ ಒತ್ತಿದರೆ ಪರದೆಯ ಮೇಲೆ ಹೆಸರು ಬರುತ್ತಿತ್ತು. ಎಲ್ಲಿಂದ ಬರುತ್ತದೆ ಎಂದು ಕೇಳುವಷ್ಟು ಪುರುಸೊತ್ತು ಕೌಂಟರ್ ಮುಂದಿನ ಸಾಲು ಕೊಡುತ್ತಿರಲಿಲ್ಲ.

ಅವಳು ನನ್ನ ಲ್ಯಾಪ್‌ಟಾಪಿಗೆ ಎಸ್‌ಕ್ಯೂಲೈಟ್ ಹಾಕಿಕೊಟ್ಟಳು. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಹೊರತಂದದ್ದು, ಯಾರು ಬೇಕಾದರೂ ಬಳಸಬಹುದು, ಕಾಸಿಲ್ಲ. ಇಡೀ ಡೇಟಾಬೇಸ್ ಒಂದೇ ಒಂದು ಫೈಲ್. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಹೆಸರು, ನಂಬರುಗಳು ಕುಳಿತಿರುವುದೂ ಇದರಲ್ಲೇ ಎಂದು ಕೇಳಿದಾಗ ನನ್ನ ಹೆದರಿಕೆ ಅರ್ಧ ಇಳಿಯಿತು. ಅದನ್ನು ತೆರೆದು ನೋಡಲು ಡಿಬಿ ಬ್ರೌಸರ್ ಎಂಬ ಇನ್ನೊಂದು ಉಚಿತ ತಂತ್ರಾಂಶ. ಪ್ರತಿ ಶನಿವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಪಾಠ. ನಾನು ಅವಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಸೇಡನ್ನು ಅವಳು ಸರಿಯಾಗಿಯೇ ತೀರಿಸಿಕೊಂಡಳು.

ಮೊದಲ ಪಾಠದಲ್ಲಿ ಕಂಪ್ಯೂಟರ್ ಮುಟ್ಟಲಿಲ್ಲ. ಒಂದೇ ಪ್ರಶ್ನೆ: ಒಬ್ಬ ಸದಸ್ಯ ಎಂದರೆ ಯಾರು, ಅವನೇ ಇವನು ಎಂದು ಹೇಗೆ ಹೇಳುತ್ತೀ?

ಹೆಸರಿನಿಂದ ಎಂದೆ. ಹಾಗಾದರೆ ಪಟ್ಟಿ ನೋಡು ಎಂದಳು. ಕೆ. ಸುಬ್ಬರಾವ್, ಸುಬ್ಬ ರಾವ್ ಕೆ., ಕುಂದಾಪುರ ಸುಬ್ಬರಾಯ. ಮೂವರೂ ಒಬ್ಬರೇ. ಇನ್ನೊಂದು ಕಡೆ ಎಸ್. ಶೆಟ್ಟಿ ಎಂಬ ಒಂದೇ ಹೆಸರು ಏಳು ಸಲ ಬಂದಿತ್ತು, ಏಳೂ ಬೇರೆ ಜನ. ಊರಿನ ಇನಿಶಿಯಲ್ ಮುಂದೆ ಇದ್ದವರು ಮುಂಬೈಗೆ ಬಂದ ಮೇಲೆ ಇಲ್ಲಿನ ಪದ್ಧತಿಯಂತೆ ಅಪ್ಪನ ಹೆಸರನ್ನು ನಡುವೆ ಸೇರಿಸಿಕೊಂಡಿದ್ದರು, ಏಕೆಂದರೆ ರೇಷನ್ ಕಾರ್ಡಿನಲ್ಲಿ ಹಾಗಿರಬೇಕು. ಹೆಂಗಸರದ್ದು ಇನ್ನೂ ಕಷ್ಟ. ಮರಾಠಿ ಮನೆಗಳಲ್ಲಿ, ನಮ್ಮ ಕರಾವಳಿಯ ಕೆಲವು ಮನೆತನಗಳಲ್ಲಿ ಕೂಡ, ಮದುವೆಯಾದಾಗ ಅಡ್ಡಹೆಸರು ಮಾತ್ರವಲ್ಲ, ಹೆಸರನ್ನೇ ಬದಲಾಯಿಸುತ್ತಾರೆ. ವಿದ್ಯಾರ್ಥಿವೇತನದ ಪುಸ್ತಕದಲ್ಲಿ ಚುರುಕು ಹುಡುಗಿಯೊಬ್ಬಳ ಹೆಸರು ಮೂರು ವರ್ಷ ಬಂದು ನಿಂತುಹೋಗಿತ್ತು. ಅವಳು ಈಗಲೂ ನಮ್ಮ ಸದಸ್ಯೆ, ಪ್ರತಿ ಭಾನುವಾರ ಭಜನೆಗೆ ಬರುವವರು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಯಾವ ಕಾಗದವೂ ಆ ಹೆಸರನ್ನು ಈ ಹೆಸರಿಗೆ ಜೋಡಿಸಿರಲಿಲ್ಲ.

ಆದ್ದರಿಂದ ಹೆಸರು ಬೇಡ, ನಂಬರ್ ಬೇಕು. ಒಮ್ಮೆ ಕೊಟ್ಟರೆ ಬದಲಾಗಬಾರದು, ಇನ್ನೊಬ್ಬರಿಗೆ ಕೊಡಬಾರದು. ಇದಕ್ಕೆ ಪ್ರೈಮರಿ ಕೀ ಎನ್ನುತ್ತಾರಂತೆ. ಇದು ನನಗೆ ಕೈಬೆರಳಿನಷ್ಟು ಪರಿಚಯದ ವಿಷಯ, ಖಾತೆ ನಂಬರ್ ಅಲ್ಲವೇ! ಸಂಘದ ಮೊದಲ ರಿಜಿಸ್ಟರಿನಲ್ಲಿ ಆ ಪುಣ್ಯಾತ್ಮರು 1ರಿಂದ ಸರಿಯಾಗಿ ಸದಸ್ಯತ್ವ ಸಂಖ್ಯೆ ಹಾಕಿದ್ದರು. ಎರಡನೆಯ ರಿಜಿಸ್ಟರಿನವರು ಅದನ್ನು ಬಿಟ್ಟು ಮತ್ತೆ 1ರಿಂದ ಶುರು ಮಾಡಿದ್ದರು. ನಮ್ಮ ಅರ್ಧ ಕಷ್ಟಕ್ಕೆ ಕಾರಣ ಅದೇ.

ಎರಡನೆಯ ಪಾಠ, ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು ಎಂಬುದು. ಸದಸ್ಯರದ್ದು ಒಂದು ಕೋಷ್ಟಕ, ಪುಸ್ತಕಗಳದ್ದು ಒಂದು, ಯಾರು ಯಾವ ಪುಸ್ತಕ ಒಯ್ದರು ಎಂಬುದು ಮತ್ತೊಂದು. ಈ ಮೂರನೆಯದರಲ್ಲಿ ಹೆಸರೂ ಇಲ್ಲ ವಿಳಾಸವೂ ಇಲ್ಲ, ಬರೀ ಎರಡು ನಂಬರು ಮತ್ತು ತಾರೀಕು. ಯಾರಾದರೂ ಮಾಟುಂಗಾದಿಂದ ಮೀರಾ ರೋಡಿಗೆ ಮನೆ ಬದಲಿಸಿದರೆ ಒಂದು ಕಡೆ ತಿದ್ದಿದರೆ ಸಾಕು. ಹೀಗೆ ಮಾಹಿತಿಯನ್ನು ಕೋಷ್ಟಕಗಳಾಗಿ ಒಡೆದು ಬೇಕಾದಾಗ ಜೋಡಿಸಿಕೊಳ್ಳುವ ಯೋಚನೆ ಕಾಡ್ ಎಂಬವರದ್ದು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂನಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ. 1970ರಲ್ಲಿ ಬಂದ ಅವರ ಪ್ರಬಂಧ ಬರೀ ಹತ್ತು ಹನ್ನೊಂದು ಪುಟದ್ದು. ಅದಕ್ಕಿಂತ ಮೊದಲು ಮಾಹಿತಿ ಮರದ ಕೊಂಬೆಗಳ ಹಾಗೆ ಇರುತ್ತಿತ್ತು, ಯಾವ ಕೊಂಬೆ ಹತ್ತಿ ಎಲ್ಲಿ ಇಳಿಯಬೇಕು ಎಂದು ಪ್ರೋಗ್ರಾಂ ಬರೆಯುವವರಿಗೆ ಗೊತ್ತಿರಬೇಕಿತ್ತು. ಕಾಡ್ ಹೇಳಿದ್ದು, ನಿಮಗೆ ಏನು ಬೇಕು ಎಂದಷ್ಟೇ ಹೇಳಿ, ಹುಡುಕುವ ದಾರಿ ಯಂತ್ರ ನೋಡಿಕೊಳ್ಳಲಿ ಎಂದು.

ಕೋಷ್ಟಕಗಳಲ್ಲಿ ನನಗೆ ಹೆಚ್ಚು ರುಚಿ ಹತ್ತಿಸಿದ್ದು ಊರಿನದು. ರಿಜಿಸ್ಟರಿನಲ್ಲಿ ‘ಸ್ವಂತ ಊರು, ಜಿಲ್ಲೆ’ ಎಂಬ ಕಾಲಂ ಇತ್ತು. ನಾನು ಹಾಗೆಯೇ ಟೈಪ್ ಮಾಡುತ್ತ ಹೋದೆ. ಆಮೇಲೆ ನೋಡಿದರೆ ಕುಂದಾಪುರದವರು ಅರ್ಧ ಜನ ದಕ್ಷಿಣ ಕನ್ನಡ, ಅರ್ಧ ಜನ ಉಡುಪಿ. ಒಂದೇ ಓಣಿಯ ಅಣ್ಣ ಒಂದು ಜಿಲ್ಲೆ, ತಮ್ಮ ಇನ್ನೊಂದು. ತಪ್ಪು ಯಾರದೂ ಅಲ್ಲ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಅಣ್ಣ ಸದಸ್ಯನಾದದ್ದು ಅದಕ್ಕೂ ಮುಂಚೆ. ಅದೇ ವರ್ಷ ಧಾರವಾಡದಿಂದ ಗದಗ, ಹಾವೇರಿ ಬೇರೆಯಾದವು, ವಿಜಾಪುರದಿಂದ ಬಾಗಲಕೋಟೆ, ರಾಯಚೂರಿನಿಂದ ಕೊಪ್ಪಳ. 2014ರ ರಾಜ್ಯೋತ್ಸವದಂದು ವಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ನಾವು ಇಲ್ಲಿ ಲೋಕಲ್ ಟ್ರೈನಿನಲ್ಲಿ ನೇತಾಡುತ್ತಿದ್ದ ಹೊತ್ತಿಗೆ ಅಲ್ಲಿ ನಮ್ಮ ಊರುಗಳ ವಿಳಾಸವೇ ಬದಲಾಗಿಹೋಗಿತ್ತು.

“ಜಿಲ್ಲೆ ಮನುಷ್ಯನ ಗುಣ ಅಲ್ಲಮ್ಮ, ಊರಿನದ್ದು,” ಎಂದಳು ಮಗಳು. “ಊರುಗಳದ್ದೇ ಬೇರೆ ಕೋಷ್ಟಕ ಮಾಡು. ಸದಸ್ಯನ ಎದುರು ಊರಿನ ನಂಬರ್ ಮಾತ್ರ ಇರಲಿ.” ಹಾಗೆ ಮಾಡಿದೆ. ಒಂದು ಸಾಲು ತಿದ್ದಿದ್ದಕ್ಕೆ ಕುಂದಾಪುರದವರೆಲ್ಲ ಒಟ್ಟಿಗೆ ಉಡುಪಿ ಜಿಲ್ಲೆಗೆ ಬಂದರು. ಆ ರಾತ್ರಿ ಇವರನ್ನು ಎಬ್ಬಿಸಿ ತೋರಿಸಿದೆ. “ಒಳ್ಳೇದಾಯ್ತು” ಎಂದು ಮಗ್ಗುಲಾದರು.

ಊರು ಬರೆಯದೆ ಬಿಟ್ಟವರೂ ಇದ್ದರು. ರಿಜಿಸ್ಟರಿನಲ್ಲಿ ಆ ಜಾಗದಲ್ಲಿ ಒಂದು ಅಡ್ಡಗೀಟು, ಇಲ್ಲವೇ ಏನೂ ಇಲ್ಲ. ನಾನೂ ಗೀಟು ಹಾಕಲು ಹೋದೆ. ಮಗಳು ತಡೆದಳು. ಗೀಟು ಹಾಕಿದರೆ ಯಂತ್ರ ಅದನ್ನೂ ಒಂದು ಊರಿನ ಹೆಸರು ಎಂದೇ ತಿಳಿಯುತ್ತದೆ, ಗೊತ್ತಿಲ್ಲದ್ದನ್ನು ಖಾಲಿ ಬಿಡು ಎಂದಳು. ಆ ಖಾಲಿಗೆ ‘ನಲ್’ ಎಂದು ಹೆಸರು. ಸೊನ್ನೆಯಲ್ಲ, ಗೀಟಲ್ಲ, ಖಾಲಿ ಅಕ್ಷರವೂ ಅಲ್ಲ, ‘ಇಲ್ಲಿ ಏನಿದೆಯೋ ನಮ್ಮ ಹತ್ತಿರ ಇಲ್ಲ’ ಎಂಬ ಗುರುತು. ಸರಿ ಎಂದು ಬಿಟ್ಟುಕೊಂಡು ಹೋದೆ. ಸಲಹೆ ಸರಿಯಾಗಿಯೇ ಇತ್ತು. ಅದರ ಮುಂದಿನ ಅರ್ಧ ಪಾಠವನ್ನು ನಾನು ಕೇಳಿರಲಿಲ್ಲ.

ಇನ್ನು ಪ್ರಶ್ನೆ ಕೇಳುವ ಭಾಷೆ. ಎಸ್‌ಕ್ಯೂಎಲ್. ಕೋಷ್ಟಕದ ಹೆಸರು, ಕಾಲಂ ಹೆಸರು ಕನ್ನಡದಲ್ಲೇ ಇಡಬಹುದು ಎಂದು ತಿಳಿದಾಗ ಆದ ಖುಷಿ ಹೇಳತೀರದು. ‘ಸೆಲೆಕ್ಟ್ ಹೆಸರು ಫ್ರಮ್ ಸದಸ್ಯರು ವೇರ್ ಸೇರಿದ_ವರ್ಷ = 1974’ ಎಂದು ಬರೆದು ಗುಂಡಿ ಒತ್ತಿದರೆ ಹೆಸರುಗಳು ಬಂದು ಸಾಲಾಗಿ ನಿಂತವು. ಆದರೆ ವಾಕ್ಯದ ಕ್ರಮ ಬಾಯಿಗೆ ಹೊಂದುತ್ತಿರಲಿಲ್ಲ. ಆರಿಸು ಎಂಬ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ. ನಾವು ಹೇಳುವುದಾದರೆ, ‘ಸದಸ್ಯರ ಪಟ್ಟಿಯಿಂದ, 1974ರಲ್ಲಿ ಸೇರಿದವರ, ಹೆಸರು ಆರಿಸು’ ಎನ್ನುತ್ತೇವೆ. ಇದನ್ನು ಮಗಳಿಗೆ ಹೇಳಿದೆ. ಅವಳು ನಕ್ಕು, “ಅಮ್ಮ, ಅರ್ಥ ಮಾಡಿಕೊಳ್ಳುವ ಕ್ರಮ ನಿಜಕ್ಕೂ ನೀನು ಹೇಳಿದ ಹಾಗೇ. ಮೊದಲು ಯಾವ ಕೋಷ್ಟಕ, ಆಮೇಲೆ ಯಾವ ಸಾಲು, ಕೊನೆಗೆ ಯಾವ ಕಾಲಂ. ಇಂಗ್ಲಿಷಿನವರು ಬರೆಯೋದು ಮಾತ್ರ ತಲೆಕೆಳಗು,” ಎಂದಳು. ಅಂದಿನಿಂದ ನಾನು ಪ್ರಶ್ನೆಯನ್ನು ಮೊದಲು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.

ಕನ್ನಡ ಕೊಟ್ಟ ತೊಂದರೆಯೂ ಇತ್ತು. ಸಿ.ಡಿ.ಯಲ್ಲಿದ್ದ ಪಟ್ಟಿ ಹಳೆಯ ನುಡಿ ಫಾಂಟಿನದು. ಅಲ್ಲಿ ‘ಕ’ ಎಂದು ಕಾಣುವುದು ನಿಜವಾಗಿ ‘ಕ’ ಅಲ್ಲ, ಬೇರೊಂದು ಇಂಗ್ಲಿಷ್ ಚಿಹ್ನೆಗೆ ತೊಡಿಸಿದ ಕನ್ನಡದ ಅಂಗಿ. ಫಾಂಟ್ ತೆಗೆದರೆ ಅರ್ಥವಿಲ್ಲದ ಗುರುತುಗಳು. ಅದನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಎಡವಿದ ಕಡೆ ಕೈಯಿಂದ ತಿದ್ದಿದೆ. ಆಮೇಲೂ ಒಬ್ಬರು ಸಿಗಲಿಲ್ಲ. ಪಟ್ಟಿಯಲ್ಲಿ ‘ರಾವ್’ ಎಂದು ಕಣ್ಣಿಗೆ ಕಾಣುತ್ತಿದೆ, ‘ರಾವ್’ ಎಂದು ಹುಡುಕಿದರೆ ಇಲ್ಲ ಎನ್ನುತ್ತದೆ! ಇಡೀ ಭಾನುವಾರ ಹೋಯಿತು. ಕೊನೆಗೆ ಅಕ್ಷರ ಎಣಿಸುವ ‘ಲೆಂಗ್ತ್’ ಹಾಕಿ ನೋಡಿದಾಗ ನಾನು ಬೆರಳಚ್ಚಿಸಿದ ರಾವ್ 4 ಎಂದಿತು, ಪಟ್ಟಿಯ ರಾವ್ 5 ಎಂದಿತು. ರ, ಅದರ ದೀರ್ಘ, ವ, ವಿರಾಮ, ಹೀಗೆ ನಾಲ್ಕು. ಐದನೆಯದು ಕಣ್ಣಿಗೆ ಕಾಣದ ಒಂದು ಗುರುತು. ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಿರಲಿ ಎಂದು ಕೆಲವು ಕೀಲಿಮಣೆಗಳು ತಾವಾಗಿಯೇ ಸೇರಿಸುವ ಗುರುತು ಅದು. ನಮ್ಮಲ್ಲಿ ರಾವ್, ಭಟ್, ನಾಯಕ್, ಕಾಮತ್ ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳಿಗೇನು ಕೊರತೆ? ಅವರೆಲ್ಲರ ಬಾಲವನ್ನೂ ಸವರಿ ಸ್ವಚ್ಛ ಮಾಡಬೇಕಾಯಿತು. ಕನ್ನಡದಲ್ಲಿ ಪಟ್ಟಿ ಮಾಡುವವರು ಇದೊಂದನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಒಂದು ಭಾನುವಾರ ಉಳಿಯುತ್ತದೆ. ಅಕಾರಾದಿಯಲ್ಲಿ ‘ಳ’ ನಮ್ಮ ವರ್ಣಮಾಲೆಯ ಹಾಗೆ ‘ಹ’ದ ನಂತರ ಬರದೆ ‘ವ’ಕ್ಕಿಂತ ಮೊದಲೇ ಬರುತ್ತದೆ ಎಂಬುದು ಇನ್ನೊಂದು. ಅದನ್ನು ನಾನು ಸಹಿಸಿಕೊಂಡೆ.

ಒಂದು ಅನಾಹುತವನ್ನೂ ಹೇಳಿಬಿಡುತ್ತೇನೆ. ಸದಸ್ಯರೊಬ್ಬರು ತೀರಿಕೊಂಡ ಸುದ್ದಿ ಬಂತು. ಅವರ ಸಾಲಿನಲ್ಲಿ ಸ್ಥಿತಿ ‘ನಿಧನ’ ಎಂದು ಬದಲಿಸಬೇಕು. ‘ಅಪ್‌ಡೇಟ್ ಸದಸ್ಯರು ಸೆಟ್ ಸ್ಥಿತಿ = ನಿಧನ’ ಎಂದು ಬರೆದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಎದ್ದು ಹೋಗಿ ಬಂದು, ಬರೆದದ್ದು ಮುಗಿದಿದೆ ಎಂದುಕೊಂಡು ಗುಂಡಿ ಒತ್ತಿದೆ, ಬ್ಯಾಂಕಿನ ಅಭ್ಯಾಸದಂತೆ ಕೂಡಲೇ ಉಳಿಸಿದೆ. ಯಾರ ಸಾಲು ಎಂದು ಹೇಳುವ ‘ವೇರ್’ ಬರೆದೇ ಇರಲಿಲ್ಲ. ಪರದೆಯ ತುಂಬ ನಿಧನ, ನಿಧನ. ಅಧ್ಯಕ್ಷರು, ಕಾರ್ಯದರ್ಶಿಗಳು, ಭಾಗವತರು, ನಾನು, ಇವರು, ಎಲ್ಲರೂ. ಉಳಿಸುವ ಮುಂಚೆ ನೋಡಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಉಳಿಸಿದ ಮೇಲೆ ಇಲ್ಲ. ಶುಕ್ರವಾರದ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ ಇದ್ದುದರಿಂದ ಎಲ್ಲರೂ ಬದುಕಿದರು. ಎರಡು ದಿನದ ಕೆಲಸ ಮಾತ್ರ ಮತ್ತೆ ಮಾಡಬೇಕಾಯಿತು. ಈಗ ಬದಲಿಸುವ ಮುಂಚೆ ಅದೇ ‘ವೇರ್’ ಇಟ್ಟು ‘ಸೆಲೆಕ್ಟ್’ ಮಾಡಿ, ಎಷ್ಟು ಸಾಲು ಬರುತ್ತದೆ ಎಂದು ಎಣಿಸುತ್ತೇನೆ.

ಹೀಗೆ ಆರು ತಿಂಗಳಾದ ಮೇಲೆ ಲೆಕ್ಕ ಸಿಕ್ಕಿತು: ಬದುಕಿರುವ ಸದಸ್ಯರು 412. ಸಮಿತಿ ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ಸುವರ್ಣ ಮಹೋತ್ಸವಕ್ಕೆ ಬರೀ ವಾಟ್ಸಾಪ್ ಕಳಿಸುವುದು ಬೇಡ, ಎಲ್ಲರಿಗೂ ಫೋನ್ ಮಾಡಿ ಬಾಯ್ಮಾತಿನಲ್ಲಿ ಕರೆಯಬೇಕು ಎಂದು ತೀರ್ಮಾನವಾಯಿತು. ಕರಾವಳಿಯವರಿಗೆ ತುಳು ಬಲ್ಲ ಒಬ್ಬರು, ಉಳಿದವರಿಗೆ ಧಾರವಾಡ ಕಡೆಯ ಒಬ್ಬರು. “ಎರಡು ಪಟ್ಟಿ ಕೊಡಿ” ಎಂದರು. ನನಗೆ ಐದು ನಿಮಿಷದ ಕೆಲಸ! ಸದಸ್ಯರನ್ನೂ ಊರುಗಳನ್ನೂ ಜೋಡಿಸಿದೆ. ಜೋಡಿಸುವಾಗ ಊರು ಇಲ್ಲದವರು ಬಿಟ್ಟುಹೋಗಬಾರದೆಂದು ಮಗಳು ಕಲಿಸಿದ ಹಾಗೆ ‘ಲೆಫ್ಟ್ ಜಾಯಿನ್’ ಹಾಕಿದೆ. ಎಣಿಸಿದೆ, 412 ಇತ್ತು. ಆಮೇಲೆ ಮೊದಲ ಪಟ್ಟಿಗೆ ಜಿಲ್ಲೆ ಉಡುಪಿ ಅಥವಾ ದಕ್ಷಿಣ ಕನ್ನಡ ಆಗಿರುವವರು, ಎರಡನೆಯದಕ್ಕೆ ಅವೆರಡೂ ಅಲ್ಲದವರು. ಮುದ್ರಿಸಿ ಕೊಟ್ಟೆ. ಎರಡೂ ಪಟ್ಟಿಯನ್ನು ಕೂಡಿಸಿ ನೋಡಲಿಲ್ಲ. ದಿನದ ಕೊನೆಗೆ ಕ್ಯಾಷ್ ತಾಳೆ ನೋಡದೆ ಮನೆಗೆ ಹೋಗದಿದ್ದವಳು ಅಂದು ನೋಡಲಿಲ್ಲ.

ಕಾರ್ಯಕ್ರಮ ಚೆನ್ನಾಗಿ ಆಯಿತು. ಸಭಾಂಗಣ ತುಂಬಿತ್ತು.

ಹತ್ತು ದಿನ ಕಳೆದ ಮೇಲೆ ಸಂಘದ ಫೋನಿಗೆ ಒಂದು ಕರೆ. ವಯಸ್ಸಾದ ದನಿ.

“ಐವತ್ತು ವರ್ಷದ ಕಾರ್ಯಕ್ರಮ ಆಯ್ತಂತೆ. ಪೇಪರಿನಲ್ಲಿ ಓದಿದೆ, ಸಂತೋಷ. ಒಂದು ಕೇಳ್ಬೇಕಿತ್ತಮ್ಮ. ನನ್ನ ಹೆಸರು ಯಾವಾಗ ತೆಗೆದದ್ದು?”

ಹೆಸರು ಕೇಳಿ ಹುಡುಕಿದೆ. ಇದ್ದರು. ಸದಸ್ಯತ್ವ ಸಂಖ್ಯೆ 58, ಸೇರಿದ್ದು 1974, ಆಜೀವ ಸದಸ್ಯರು, ಫೋನ್ ನಂಬರ್ ಸರಿಯಾಗಿದೆ. “ತೆಗೆದಿಲ್ಲ ಅಣ್ಣ, ಇದೆ, ನನ್ನ ಕಣ್ಣೆದುರೇ ಇದೆ,” ಎಂದೆ. “ಹಾಗಾದ್ರೆ ಕರೀಲಿಲ್ಲ ಅಷ್ಟೆಯಾ? ಆಗ್ಲಿ ಬಿಡಿ,” ಎಂದು ಇಟ್ಟುಬಿಟ್ಟರು.

ಎರಡೂ ಪಟ್ಟಿ ತೆಗೆದು ನೋಡಿದೆ. ಎರಡರಲ್ಲೂ ಅವರಿಲ್ಲ. ಮೊದಲ ಪಟ್ಟಿ 231, ಎರಡನೆಯದು 144. ಕೂಡಿಸಿದರೆ 375. ಉಳಿದ 37 ಜನ ಎಲ್ಲಿ?

ಮಗಳಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆ. ಉಡುಪಿಯವರು ಒಂದು ಕಡೆ, ಉಡುಪಿ ಅಲ್ಲದವರು ಇನ್ನೊಂದು ಕಡೆ ಎಂದರೆ ಲೋಕದಲ್ಲಿರುವವರೆಲ್ಲ ಮುಗಿದರಲ್ಲ, ಮಧ್ಯದಲ್ಲಿ ಬೀಳಲು ಜಾಗ ಎಲ್ಲಿ ಎಂದು ಕೇಳಿದೆ. ಅವಳು ಒಂದೇ ಮಾತು ಕೇಳಿದಳು. “ಊರು ಖಾಲಿ ಇರೋರು ಎಷ್ಟು ಜನ?”

37.

ನಲ್ ಎಂದರೆ ಖಾಲಿ ಎಂದು ನಾನು ತಿಳಿದಿದ್ದೆ. ಯಂತ್ರಕ್ಕೆ ಅದು ‘ಗೊತ್ತಿಲ್ಲ’. ಈ ವ್ಯಕ್ತಿಯ ಜಿಲ್ಲೆ ಉಡುಪಿಯೇ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತದೆ. ಉಡುಪಿ ಅಲ್ಲವೇ ಎಂದರೂ ಗೊತ್ತಿಲ್ಲ ಎನ್ನುತ್ತದೆ. ‘ವೇರ್’ ಎಂಬ ಬಾಗಿಲು ‘ಹೌದು’ ಎಂದ ಸಾಲುಗಳನ್ನು ಮಾತ್ರ ಒಳಗೆ ಬಿಡುತ್ತದೆ. ಗೊತ್ತಿಲ್ಲದವರು ಎರಡೂ ಬಾಗಿಲಿನ ಹೊರಗೆ ಉಳಿಯುತ್ತಾರೆ. ಎರಡು ಖಾಲಿಗಳು ಒಂದೇ ಎಂದು ಕೂಡ ಅದು ಒಪ್ಪುವುದಿಲ್ಲ. ಖಾಲಿ ಇರುವವರೇ ಬೇಕಿದ್ದರೆ ಸಮ ಚಿಹ್ನೆ ಹಾಕಬಾರದು, ‘ಈಸ್ ನಲ್’ ಎಂದು ಬೇರೆಯಾಗಿ ಕೇಳಬೇಕು. ಕಾಗದದ ರಿಜಿಸ್ಟರ್ ಆಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಒಂದು ಕ್ಷಣ ಅನಿಸಿತು. ಪುಟ ತಿರುಗಿಸುವಾಗ ಗೀಟು ಕಂಡರೆ ಯಾರಾದರೂ “ಇವರು ಯಾವ ಊರಿನವರಪ್ಪ?” ಎಂದಾದರೂ ಕೇಳುತ್ತಿದ್ದರು. ಯಂತ್ರಕ್ಕೆ ಬೈಯುವ ಹಾಗೂ ಇಲ್ಲ. ನಾನು ಕೇಳಿದ್ದಕ್ಕೆ ಅದು ಸರಿಯಾಗಿಯೇ ಉತ್ತರ ಕೊಟ್ಟಿತ್ತು.

ಮರುದಿನ ಗ್ರಂಥಾಲಯದ ಹಳೆಯ ಲೆಡ್ಜರಿನಲ್ಲಿ 58ರ ಪುಟ ತೆಗೆದೆ. ಪುಟ ಸಾಲದೆ ‘ಮುಂದುವರಿದಿದೆ’ ಎಂದು ಬರೆದು ಬೇರೆ ಪುಟಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋಗಿತ್ತು. ಕಾದಂಬರಿ, ಕಾದಂಬರಿ, ನಡುವೆ ಒಂದು ಇಂಗ್ಲಿಷ್–ಕನ್ನಡ ನಿಘಂಟು, ಅದನ್ನು ನಾಲ್ಕು ಸಲ ನವೀಕರಿಸಿದ್ದರು. ಒಂದು ಪುಸ್ತಕವೂ ಬಾಕಿ ಇರಲಿಲ್ಲ.

ಸ್ಮರಣ ಸಂಚಿಕೆ ಹಿಡಿದುಕೊಂಡು ಅವರ ಮನೆಗೆ ಹೋದೆ. ಚಾಳಿನ ಕೋಣೆ, ಮಗ ಸೊಸೆಯೊಂದಿಗೆ ಇದ್ದಾರೆ. ಚಹಾ ಬಂತು. ನಡೆದದ್ದನ್ನು ಹೇಳಿದೆ. ನಲ್, ಹೌದು, ಅಲ್ಲ, ಗೊತ್ತಿಲ್ಲ, ಎಲ್ಲವನ್ನೂ. ನನ್ನ ತಪ್ಪು ಎಂದೆ. ಅವರು ಸಿಟ್ಟಾಗಲಿಲ್ಲ. ಹನ್ನೊಂದನೇ ವರ್ಷಕ್ಕೆ ಯಾರದ್ದೋ ಜೊತೆ ಹಡಗಿನಲ್ಲಿ ಬಂದು ಕೋಟೆಯ ಒಂದು ಹೋಟೆಲಿನಲ್ಲಿ ಮೇಜು ಒರೆಸಲು ನಿಂತವರು. ಕನ್ನಡ ಓದಲು ಕಲಿತದ್ದು ಇಲ್ಲಿನ ರಾತ್ರಿ ಶಾಲೆಯಲ್ಲಿ. ನನಗೆ ಕನ್ನಡ ಬಂದದ್ದೇ ಬೊಂಬಾಯಿಯಲ್ಲಿ ಎಂದು ನಕ್ಕರು.

“ಫಾರಂ ತುಂಬುವಾಗ ಅವರು ಕೇಳಿದ್ರು, ಊರು ಯಾವ್ದು, ಊರಲ್ಲಿ ಯಾರಿದ್ದಾರೆ ಅಂತ. ಯಾರೂ ಇಲ್ಲ ಅಂದೆ. ಮತ್ತೆ ಕೇಳ್ಲಿಲ್ಲ, ಒಂದು ಗೀಟು ಎಳೆದ್ರು.”

“ಈಗ ಏನು ಬರೆಯಲಿ ಅಣ್ಣ?”

ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. “ಊರು ಗೊತ್ತುಂಟು. ಬರೀಬೇಡಿ.”

ಅದಕ್ಕಿಂತ ಹೆಚ್ಚು ಕೇಳುವುದು ನನ್ನಿಂದಾಗಲಿಲ್ಲ. ಮನೆಗೆ ಬಂದು ಮಗಳಿಗೆ ಹೇಳಿದಾಗ ಅವಳು ಕಾಡ್ ಅವರದ್ದೇ ಇನ್ನೊಂದು ಸಂಗತಿ ಹೇಳಿದಳು. 1990ರ ಪುಸ್ತಕದಲ್ಲಿ ಅವರು ಒಂದು ನಲ್ ಸಾಲದು, ಎರಡು ಬೇಕು ಎಂದಿದ್ದರಂತೆ. ಉತ್ತರ ಇದೆ ಆದರೆ ನಮಗೆ ಗೊತ್ತಿಲ್ಲ ಎಂಬುದಕ್ಕೆ ಒಂದು ಗುರುತು, ಆ ಪ್ರಶ್ನೆಯೇ ಇವರಿಗೆ ಹೊಂದುವುದಿಲ್ಲ ಎಂಬುದಕ್ಕೆ ಇನ್ನೊಂದು. ಯಾವ ದೊಡ್ಡ ತಂತ್ರಾಂಶವೂ ಅದನ್ನು ಅಳವಡಿಸಿಕೊಳ್ಳಲಿಲ್ಲ, ಒಂದೇ ನಲ್ ಉಳಿಯಿತು. ಗೊತ್ತಿದೆ, ಬರೆಯಬೇಡಿ ಎನ್ನುವವರು ಕಾಡ್ ಅವರ ಆ ಎರಡರಲ್ಲೂ ಸೇರುವುದಿಲ್ಲ. 58ರ ಸಾಲಿನಲ್ಲಿ ಊರನ್ನು ಖಾಲಿಯೇ ಬಿಟ್ಟಿದ್ದೇನೆ. ಬದಲಿಸಿದ್ದು ಪ್ರಶ್ನೆಯನ್ನು.

ಉಳಿದ 36 ಜನರಿಗೆ ಫೋನ್ ಮಾಡುವ ಕೆಲಸ ನಾನೇ ತೆಗೆದುಕೊಂಡೆ. ಇವರಲ್ಲಿ 28 ಜನರ ನಂಬರ್ ಇತ್ತು, ಅದರಲ್ಲಿ 20 ಜನ ಸಿಕ್ಕಿದರು. 11 ಜನ ಕೇಳಿದ ಕೂಡಲೇ ಊರು ಹೇಳಿದರು, ಇಷ್ಟು ವರ್ಷ ಯಾರೂ ಕೇಳಲೇ ಇಲ್ಲ ಎಂದರು. ಇಬ್ಬರು ಹಾಗೇ ಇರಲಿ ಎಂದರು. ಉಳಿದ ಏಳೂ ಜನ ಇಲ್ಲೇ ಹುಟ್ಟಿದವರು. ಅವರಲ್ಲೊಬ್ಬ ಹುಡುಗಿ ಕೇಳಿದಳು, “ಆಂಟಿ, ನಿಮಗೆ ಬೇಕಾಗಿರೋದು ಅಪ್ಪನ ಊರಾ, ನನ್ನದಾ? ಅಪ್ಪನದು ಬಂಟ್ವಾಳ. ನನ್ನದು ಕಲ್ಯಾಣ.” ಸ್ವಂತ ಊರು ಎಂದು ಮೇಲೆ ಬರೆದಿಟ್ಟವರು ಏನು ಯೋಚಿಸಿದ್ದರೋ. ಈ ವಿಷಯ ಸಮಿತಿಯ ಮುಂದಿಟ್ಟೆ. ಮುಕ್ಕಾಲು ಗಂಟೆ ಚರ್ಚೆ ನಡೆದು, ಒಬ್ಬರು ಎದ್ದು ಹೋಗುವವರೆಗೂ ಬಂದು, ಮುಂದಿನ ಸಭೆಗೆ ಹೋಯಿತು. ಅಲ್ಲಿಯವರೆಗೆ ಊರುಗಳ ಕೋಷ್ಟಕದಲ್ಲಿ ಕಲ್ಯಾಣ, ಘಾಟ್‌ಕೋಪರ್, ಸಯನ್ ಎಂದು ಹೊಸ ಸಾಲುಗಳನ್ನು ಸೇರಿಸಿದ್ದೇನೆ. ಜಿಲ್ಲೆಯ ಕಾಲಂಗೆ ಠಾಣೆ ಎಂದು ಮೊದಲ ಸಲ ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು.

ಎಂಟು ಜನರ ಫೋನ್ ನಂಬರ್ ಕಾಲಂ ಕೂಡ ಖಾಲಿ. ವಿಳಾಸಗಳಿವೆ, ಹೆಚ್ಚಿನವು ಗಿರಣಿಗಳಿದ್ದ ಕಾಲದ ಪರೇಲ್, ಲಾಲ್‌ಬಾಗ್ ಕಡೆಯವು. ಬರುವ ಭಾನುವಾರ ಕಾರ್ಯದರ್ಶಿಗಳೂ ನಾನೂ ಚೀಟಿ ಹಿಡಿದು ಹೊರಡುತ್ತಿದ್ದೇವೆ. 58ರ ಅಣ್ಣನೂ ಬರುತ್ತೇನೆ ಎಂದಿದ್ದಾರೆ. ಆ ಗಲ್ಲಿಗಳು ಅವರಿಗೆ ಗೊತ್ತಂತೆ.